ಬೆಟ್ಟ ಹಸಿರಾದಾಗ ಫ್ರೀಮಾಂಟ್‌ನ ಶಾಲೆಯಂಗಳ

ಫ್ರೀಮಾಂಟ್ ನೋಡಲು ಒಳ್ಳೆಯ ಕಾಲ ಯಾವುದು ಎಂದು ನೀವು ಕೇಳಿದರೆ ಮಾರ್ಚ್, ಏಪ್ರಿಲ್ ಎನ್ನಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಈ ಊರಿನ ಬೆನ್ನಿಗೆ ಸುಮಾರು 2,500 ಅಡಿ ಎತ್ತರದ ಮಿಷನ್ ಪೀಕ್ ಬೆಟ್ಟವಿದೆ. ವರ್ಷದ ಹೆಚ್ಚು ತಿಂಗಳು ಅದು ಒಣಹುಲ್ಲಿನ ಬಣ್ಣದಲ್ಲಿರುತ್ತದೆ. ಚಳಿಗಾಲದ ಮಳೆ ಬಿದ್ದ ಮೇಲೆ ಹಸಿರಾಗುತ್ತದೆ, ಮೇ ಮುಗಿಯುವ ಹೊತ್ತಿಗೆ ಮತ್ತೆ ಹಳದಿಗೆ ತಿರುಗುತ್ತದೆ. ಊರಿಂದ ಬಂದ ಅಜ್ಜಿ ತಾತಂದಿರಿಗೆ ಇದೊಂದು ಸೋಜಿಗ. ನಮ್ಮ ಕಡೆ ಜೂನ್ ಬಂದರೆ ಮಳೆ, ಹಸಿರು. ಇಲ್ಲಿ ಜೂನ್ ಎಂದರೆ ಒಣಹುಲ್ಲು. ರಸ್ತೆ ಬದಿಯಲ್ಲಿ ಅರಳುವ ಕಿತ್ತಳೆ ಬಣ್ಣದ ಹೂವು ಪಾಪಿ. 1903ರಿಂದ ಅದು ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ. ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಅದರ ಹೆಸರು ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದಿದ್ದರೆ ಅವರೇ ಹೇಳಿಕೊಡುತ್ತಾರೆ, ಇಂಗ್ಲಿಷಿನಲ್ಲಿ.

ಇಲ್ಲಿನ ಪ್ರಾಥಮಿಕ ಶಾಲೆಗಳು ಹೆಚ್ಚಾಗಿ ಒಂದೇ ಅಂತಸ್ತಿನವು. ತರಗತಿಯ ಬಾಗಿಲು ತೆರೆದರೆ ನೇರ ಬಯಲು. ಬೆಳಗಿನ ಎಂಟರ ಆಸುಪಾಸಿನಲ್ಲಿ ಗೇಟಿನ ಮುಂದೆ ಕಾರುಗಳ ಸಾಲು, ಕೈಯಲ್ಲಿ ಸ್ಟಾಪ್ ಫಲಕ ಹಿಡಿದು ರಸ್ತೆ ದಾಟಿಸುವವರು, ಸ್ವೆಟರ್ ಮೇಲೆ ಶಾಲು ಹೊದ್ದು ಬಿಳಿ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯರು. ಐದು ನಿಮಿಷ ಅಲ್ಲಿ ನಿಂತರೆ ಮ್ಯಾಂಡರಿನ್, ತೆಲುಗು, ಪಂಜಾಬಿ, ಸ್ಪ್ಯಾನಿಷ್, ತಮಿಳು, ಅಫ್ಘಾನಿಸ್ತಾನದ ದಾರಿ ಎಲ್ಲವೂ ಕಿವಿಗೆ ಬೀಳುತ್ತವೆ. ನಡುವೆ ಒಂದು ಕನ್ನಡದ ಮಾತೂ ಕೇಳುತ್ತದೆ: "ಜಾಕೆಟ್ ಮರೀಬೇಡ ಕಣೋ, ನೀರಿನ ಬಾಟ್ಲು ತಗೊಂಡ್ಯಾ?" ಗೇಟು ದಾಟಿದ ಮೇಲೆ ಅಷ್ಟೂ ಮಕ್ಕಳ ಭಾಷೆ ಒಂದೇ ಆಗಿಬಿಡುತ್ತದೆ.

ನಿಮ್ಮ ಮಗುವೂ ಇಂಥದೇ ಒಂದು ಶಾಲೆಗೆ ಹೋಗುತ್ತಿರಬಹುದು. ಹಾಗಾದರೆ ವಸಂತದ ತಿಂಗಳುಗಳಲ್ಲಿ ಶಾಲೆಯಿಂದ ಬರುವ ಪತ್ರಗಳನ್ನು ಗಮನವಿಟ್ಟು ಓದಿ. ಈ ಊರಿನ ಜೀವನ ಅರ್ಥವಾಗುವುದು ಅದರಲ್ಲೇ. ಮನೆಯ ಕನ್ನಡಕ್ಕೆ ಶಾಲೆಯಲ್ಲಿ ಒಂದು ಜಾಗ ಸಿಗುತ್ತದೋ ಇಲ್ಲವೋ ಎಂಬುದೂ ಬಹುಪಾಲು ಈ ತಿಂಗಳುಗಳಲ್ಲೇ ತೀರ್ಮಾನವಾಗುತ್ತದೆ.

ಮಾರ್ಚ್‌ನಲ್ಲಿ ಪುಸ್ತಕ ಮೇಳ, ಕೆಲವು ಶಾಲೆಗಳಲ್ಲಿ ವಾಕಥಾನ್. ಏಪ್ರಿಲ್‌ನಲ್ಲಿ ಒಂದು ವಾರ ರಜೆ. ಆಮೇಲೆ ಮೂರನೇ ತರಗತಿಯಿಂದ ಮೇಲಿನವರಿಗೆ ರಾಜ್ಯದ ಪರೀಕ್ಷೆ. ಐದನೆಯವರಿಗೆ ಅದರ ಜೊತೆ ವಿಜ್ಞಾನ. ಮೇ ಮೊದಲ ಪೂರ್ಣ ವಾರ ಶಿಕ್ಷಕರಿಗೆ ಕೃತಜ್ಞತೆ ಹೇಳುವ ವಾರ. ನಡುವೆ ಎಲ್ಲೋ ಒಂದು ಸಂಜೆ ಓಪನ್ ಹೌಸ್, ಇನ್ನೊಂದು ಸಂಜೆ ಬಹುಸಂಸ್ಕೃತಿ ಉತ್ಸವ. ಇವುಗಳಲ್ಲಿ ಹಲವನ್ನು ನಡೆಸುವುದು ಪಿಟಿಎ, ಅಂದರೆ ಪಾಲಕರು ಮತ್ತು ಶಿಕ್ಷಕರ ಸಂಘ. 1897ರಲ್ಲಿ ವಾಷಿಂಗ್ಟನ್‌ನಲ್ಲಿ ತಾಯಂದಿರ ಸಮಾವೇಶವಾಗಿ ಆರಂಭವಾದ ಚಳವಳಿ ಅದು. ಇವತ್ತಿಗೂ ಅದಕ್ಕೆ ಬೇಕಿರುವುದು ಒಂದು ಗಂಟೆ ಬಿಡುವು ಮಾಡಿಕೊಂಡು ಮೇಜು ಎತ್ತಿಡಲು ಬರುವ ಜನ. ತರಗತಿಯಲ್ಲಿ ಆಗಾಗ ನೆರವಾಗುವುದಾದರೆ ಕ್ಷಯರೋಗದ ತಪಾಸಣೆಯ ಕಾಗದ ಕೇಳುತ್ತಾರೆ. ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕಾಗದ ಸಿಗುವ ಹೊತ್ತಿಗೆ ವರ್ಷವೇ ಮುಗಿಯುವುದುಂಟು.

ಯುಗಾದಿಯೂ ಈ ತಿಂಗಳುಗಳಲ್ಲೇ ಬರುತ್ತದೆ. ಇಂಡಿಯನ್ ಅಂಗಡಿಗಳಲ್ಲಿ ಬೇವಿನ ಸೊಪ್ಪು, ಮಾವಿನಕಾಯಿ ಸಿಗುತ್ತವೆ. ತರಗತಿಗೆ ಬೇವು ಬೆಲ್ಲ ಒಯ್ಯೋಣ ಎಂದು ಉತ್ಸಾಹದಿಂದ ಹೊರಡುವ ಮೊದಲು ಶಿಕ್ಷಕರನ್ನು ಕೇಳಿ. ಅಲರ್ಜಿಯ ಕಾರಣಕ್ಕೆ ಮನೆಯಲ್ಲಿ ಮಾಡಿದ ತಿಂಡಿ ಹಂಚಲು ಹಲವು ಶಾಲೆಗಳು ಬಿಡುವುದಿಲ್ಲ. ಬದಲಿಗೆ ಹಸಿರು ಕಾಗದದ ಎಲೆ ಕತ್ತರಿಸಿ ತೋರಣ ಕಟ್ಟಿಸಬಹುದು, ಅಂಗಳದ ಸಿಮೆಂಟಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚುಕ್ಕಿ ರಂಗೋಲಿ ಹಾಕಿಸಬಹುದು. ಚುಕ್ಕಿ ಎಣಿಸಿ ಗೆರೆ ಎಳೆಯುವುದರಲ್ಲಿ ಒಳ್ಳೆಯ ಗಣಿತವಿದೆ ಎಂದರೆ ಶಿಕ್ಷಕರೂ ಖುಷಿಯಿಂದ ಅರ್ಧ ಗಂಟೆ ಕೊಡುತ್ತಾರೆ.

ಪಾಲಕರು ಬಂದು ಕಥೆ ಓದುವ ಪದ್ಧತಿ ಅನೇಕ ತರಗತಿಗಳಲ್ಲಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಚಿತ್ರಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಒಂದು ಪುಟ ಕನ್ನಡದಲ್ಲಿ ಓದಿ, ಅದೇ ಪುಟ ಇಂಗ್ಲಿಷಿನಲ್ಲಿ ಓದಿ. ಕನ್ನಡ ಅರ್ಥವಾಗದ ಇಪ್ಪತ್ತು ಮಕ್ಕಳು ಬಾಯಿ ತೆರೆದು ಕೇಳುತ್ತಿರುವಾಗ, ಅರ್ಥವಾಗುವ ಒಂದೇ ಮಗು ನಿಮ್ಮದಾಗಿರುತ್ತದೆ. ಮನೆಯಲ್ಲಿ "ನಂಗೆ ಕನ್ನಡ ಬೇಡ" ಎನ್ನುವ ಮಗು ಆ ದಿನ ಪಕ್ಕದವರಿಗೆ ಪದಗಳ ಅರ್ಥ ಹೇಳುತ್ತಾ ಕೂತಿರುವುದನ್ನು ನೀವು ಕಾಣಬಹುದು.

ಇದೇ ಕಾಲದಲ್ಲಿ ಕೆಳಗಿನ ತರಗತಿಗಳಲ್ಲಿ ಒಂದು ಬಲೆಯ ಬುಟ್ಟಿ ಬರುತ್ತದೆ. ಅದರಲ್ಲಿ ಮರಿಹುಳುಗಳು ತಿಂದು ಬೆಳೆದು, ತಲೆಕೆಳಗಾಗಿ ನೇತಾಡಿ, ಕೋಶ ಕಟ್ಟಿ, ಚಿಟ್ಟೆಯಾಗಿ ಹಾರುತ್ತವೆ. ಮಗು ಮನೆಗೆ ಬಂದು ಆ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತದೆ. ಅದಕ್ಕೆ ಆ ಸಂಗತಿ ಗೊತ್ತು, ಕನ್ನಡದ ಪದ ಗೊತ್ತಿಲ್ಲ. ಆಗ ಕನ್ನಡದಲ್ಲಿ ಹೇಳು ಎಂದು ಗದರಬೇಡಿ. ಮೈತುಂಬ ಕೂದಲಿರುವ ಹುಳಕ್ಕೆ ನಾವು ಕಂಬಳಿಹುಳ ಎನ್ನುತ್ತೇವೆ, ಕಂಬಳಿ ಹೊದ್ದ ಹುಳ, ಎಂದು ಹೇಳಿ ನೋಡಿ. ರಾಮನಗರದ ಮಾರುಕಟ್ಟೆಗೆ ರೈತರು ರೇಷ್ಮೆಗೂಡು ತರುವುದನ್ನು ಹೇಳಿ. ಅಮ್ಮನ ಸೀರೆಯ ನೂಲು ಅಂಥ ಗೂಡಿನಿಂದ ಬಂದದ್ದು ಎಂದು ಸೀರೆಯನ್ನೇ ತೆಗೆದು ಮುಟ್ಟಿಸಿ. ಶಾಲೆಯಲ್ಲಿ ಕಲಿತ ಸಂಗತಿಗೆ ಮನೆಯಲ್ಲಿ ಕನ್ನಡದ ಪದ ಸಿಕ್ಕರೆ ಅದು ಮಗುವಿನ ನಾಲಗೆಯಲ್ಲಿ ಉಳಿಯುತ್ತದೆ. ಊಟ, ನಿದ್ದೆ, ಸ್ನಾನ, ಬೈಗುಳ ಇವಿಷ್ಟಕ್ಕೇ ಮೀಸಲಾದ ಕನ್ನಡ ಎಂಟು ವರ್ಷದ ಮಗುವಿಗೆ ಸಾಲುವುದಿಲ್ಲ.

ನಾಲ್ಕನೇ ತರಗತಿಯವರಿಗೆ ಕ್ಯಾಲಿಫೋರ್ನಿಯಾದ ಇತಿಹಾಸ. ಫ್ರೀಮಾಂಟ್‌ನ ಮಕ್ಕಳಿಗೆ ಅದು ಕಾಲ್ನಡಿಗೆಯ ದೂರದಲ್ಲೇ ಇದೆ. ಇದು ಮೊದಲಿನಿಂದ ಓಲೋನಿ ಜನರ ನೆಲ. 1797ರಲ್ಲಿ ಸ್ಪೇನಿನ ಪಾದ್ರಿಗಳು ಇಲ್ಲಿ ಮಿಷನ್ ಸ್ಯಾನ್ ಹೋಸೆ ಕಟ್ಟಿದರು. 1869ರಲ್ಲಿ ಖಂಡದ ಆಚೆಯಿಂದ ಬಂದ ರೈಲುಹಾದಿ ನೈಲ್ಸ್ ಕಣಿವೆಯ ಮೂಲಕ ಕೊಲ್ಲಿಯನ್ನು ಮುಟ್ಟಿತು. ಸಿಯೆರಾ ಬೆಟ್ಟಸಾಲನ್ನು ಕಡಿದು ಆ ಹಾದಿ ಹಾಕಿದವರಲ್ಲಿ ಸಾವಿರಾರು ಚೀನೀ ಕಾರ್ಮಿಕರಿದ್ದರು. 1915ರಲ್ಲಿ ಚಾರ್ಲಿ ಚಾಪ್ಲಿನ್ ತನ್ನ 'ದ ಟ್ರ್ಯಾಂಪ್' ಚಿತ್ರವನ್ನು ಚಿತ್ರಿಸಿದ್ದು ನೈಲ್ಸ್‌ನಲ್ಲೇ. ಐದು ಸಣ್ಣ ಊರುಗಳು ಸೇರಿ ಫ್ರೀಮಾಂಟ್ ಆದದ್ದು 1956ರಲ್ಲಿ, ಕರ್ನಾಟಕ ಏಕೀಕರಣವಾದ ವರ್ಷವೇ. ಮಕ್ಕಳಿಗೆ ಇಂಥ ಕಾಕತಾಳೀಯಗಳು ಬಹಳ ಇಷ್ಟ.

1848ರಲ್ಲಿ ಕೊಲೊಮಾದಲ್ಲಿ ಚಿನ್ನ ಸಿಕ್ಕಿದ ಪಾಠ ಬಂದಾಗ ನೀವು ಕೋಲಾರದ ಚಿನ್ನದ ಗಣಿಯ ಕಥೆ ತೆಗೆಯಿರಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು 1902ರಲ್ಲೇ ಆ ಗಣಿಗೆ ಹರಿದದ್ದು, ಮೈಲಿಗಿಂತ ಆಳಕ್ಕೆ ಜನ ಇಳಿಯುತ್ತಿದ್ದದ್ದು, 2001ರಲ್ಲಿ ಗಣಿ ಮುಚ್ಚಿದ್ದು. ಇಲ್ಲಿ ಹೊಳೆಯ ಮರಳು ಜಾಲಿಸಿದರು, ಅಲ್ಲಿ ಬಂಡೆ ಕೊರೆದರು. ಯಾವುದು ಕಷ್ಟ ಎಂದು ಕೇಳಿದರೆ ಊಟದ ಮೇಜಿನಲ್ಲಿ ಒಂದು ಗಂಟೆ ಮಾತು ನಡೆಯುತ್ತದೆ. ಅಷ್ಟೂ ಕನ್ನಡದಲ್ಲಿ ನಡೆಯಬೇಕೆಂದಿಲ್ಲ. ಅರ್ಧ ನಡೆದರೂ ಲಾಭವೇ.

ಇನ್ನು ಈ ಕಾಲದ ಮುಖ್ಯ ಕಾಗದದ ಮಾತು. ಮುಂದಿನ ವರ್ಷಕ್ಕೆ ಹೊಸ ಮಕ್ಕಳ ದಾಖಲಾತಿ ನಡೆಯುವುದು ಹೆಚ್ಚಾಗಿ ಈಗಲೇ. ಸೆಪ್ಟೆಂಬರ್ 1ರೊಳಗೆ ಐದು ತುಂಬುವ ಮಗು ಕಿಂಡರ್‌ಗಾರ್ಟನ್‌ಗೆ, ನಾಲ್ಕು ತುಂಬುವ ಮಗು ಅದಕ್ಕಿಂತ ಹಿಂದಿನ ಟಿಕೆ ತರಗತಿಗೆ ಸೇರಬಹುದು. ಅರ್ಜಿಯ ಜೊತೆ ಮನೆಭಾಷೆಯ ಸಮೀಕ್ಷೆ ಎಂಬ ಒಂದು ಹಾಳೆ ಇರುತ್ತದೆ. ಅದರಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಮಾತಾಡಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತದೆ, ನೀವು ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಮನೆಯ ದೊಡ್ಡವರು ಹೆಚ್ಚಾಗಿ ಆಡುವ ಭಾಷೆ ಯಾವುದು.

ಇಲ್ಲಿ ಪೆನ್ನು ನಿಲ್ಲುತ್ತದೆ. ಕನ್ನಡ ಎಂದು ಬರೆದರೆ ಮಗುವನ್ನು ಇಂಗ್ಲಿಷ್ ಬಾರದವರ ಗುಂಪಿಗೆ ಹಾಕುತ್ತಾರಂತೆ, ನಾಲ್ಕಕ್ಕೂ ಇಂಗ್ಲಿಷ್ ಎಂದು ಬರೆದುಬಿಡಿ ಎಂಬ ಸಲಹೆ ನಿಮಗೂ ವಾಟ್ಸ್ಯಾಪ್ ಗುಂಪಿನಲ್ಲಿ ಬಂದಿರಬಹುದು. ಈ ಭಯವನ್ನು ತಳ್ಳಿಹಾಕುವ ಮೊದಲು ನಡೆಯುವುದೇನು ಎಂದು ತಿಳಿಯೋಣ. ಮೊದಲ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಇಂಗ್ಲಿಷ್ ಅಲ್ಲದ ಉತ್ತರವಿದ್ದರೆ, ಕಿಂಡರ್‌ಗಾರ್ಟನ್ ಅಥವಾ ಅದಕ್ಕಿಂತ ಮೇಲಿನ ತರಗತಿಗೆ ಸೇರಿದ ಮೂವತ್ತು ದಿನಗಳೊಳಗೆ ಎಲ್‌ಪ್ಯಾಕ್ ಎಂಬ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಇಂಗ್ಲಿಷ್ ಕಲಿಯುತ್ತಿರುವ ಮಗು ಎಂದು ದಾಖಲಿಸಿ, ಶಾಲೆಯ ಸಮಯದಲ್ಲೇ ಹೆಚ್ಚಿನ ನೆರವು ಕೊಡುತ್ತಾರೆ. ಪ್ರತಿ ವಸಂತದಲ್ಲಿ ಮತ್ತೆ ಪರೀಕ್ಷೆ. ಅದರ ಅಂಕ, ಶಿಕ್ಷಕರ ಅಭಿಪ್ರಾಯ, ಪಾಲಕರ ಮಾತು ಮುಂತಾದವನ್ನು ನೋಡಿ ಆ ಪಟ್ಟಿಯಿಂದ ಬಿಡಿಸುತ್ತಾರೆ.

ಈ ನೆರವು ಯಾರೋ ಕೊಟ್ಟ ಭಿಕ್ಷೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು, ಇಂಗ್ಲಿಷ್ ಅರ್ಥವಾಗದ ನಮ್ಮ ಮಕ್ಕಳನ್ನು ಸುಮ್ಮನೆ ಕೂರಿಸಿದ್ದೀರಿ ಎಂದು ಕೋರ್ಟಿಗೆ ಹೋದವು. 1974ರಲ್ಲಿ ಲಾವ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಒಂದೇ ಪುಸ್ತಕ, ಒಂದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆಯಾಗದು ಎಂಬುದು ಅದರ ತಿರುಳು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ತರಗತಿಗಳಿಗೆ ಬಹುಮಟ್ಟಿಗೆ ಕಡಿವಾಣ ಹಾಕಿದರು, 2016ರಲ್ಲಿ ಅದನ್ನು ಅವರೇ ಸಡಿಲಿಸಿದರು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಲೆಕ್ಕದ ಮೇಲೆ ಶಾಲಾ ಜಿಲ್ಲೆಗೆ ಹೆಚ್ಚುವರಿ ಹಣವೂ ಬರುತ್ತದೆ.

ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮನೆಯಲ್ಲಿ ಕನ್ನಡ ಇದ್ದರೆ ಕನ್ನಡ ಎನ್ನಿ. ಹಾಗೆ ಬರೆದ ಮೇಲೆ ನಿಮಗೂ ಒಂದು ಕೆಲಸವಿದೆ. ಎಲ್‌ಪ್ಯಾಕ್ ಫಲಿತಾಂಶದ ಪತ್ರ ಬಂದಾಗ ಮಡಿಸಿ ಡ್ರಾಯರಿಗೆ ಹಾಕಬೇಡಿ. ಮಗು ಯಾವ ಹಂತದಲ್ಲಿದೆ, ಪಟ್ಟಿಯಿಂದ ಬಿಡುಗಡೆಗೆ ಇನ್ನೇನು ಬೇಕು ಎಂದು ಶಿಕ್ಷಕರನ್ನು ಕೇಳಿ. ಕೇಳುವ ಪಾಲಕರಿಲ್ಲದಾಗ ಕೆಲವು ಮಕ್ಕಳು ವರ್ಷಗಟ್ಟಲೆ ಅದೇ ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. ನಿಜವಾಗಿ ಹೆದರಬೇಕಾದ್ದು ಇದಕ್ಕೆ. ಜೊತೆಗೆ ಇದನ್ನೂ ನೆನಪಿಡಿ: ಪ್ರೌಢಶಾಲೆ ಮುಗಿಸುವಾಗ ಎರಡು ಭಾಷೆ ಬಲ್ಲವರ ಪದವಿಪತ್ರದ ಮೇಲೆ ಬಂಗಾರದ ಬಣ್ಣದ ಮುದ್ರೆ ಹಾಕುವ ಕಾನೂನನ್ನು ದೇಶದಲ್ಲೇ ಮೊದಲು, 2011ರಲ್ಲಿ, ತಂದದ್ದೂ ಇದೇ ಕ್ಯಾಲಿಫೋರ್ನಿಯಾ. ಕಿಂಡರ್‌ಗಾರ್ಟನ್ ಬಾಗಿಲಲ್ಲಿ ಕನ್ನಡವನ್ನು ಬಚ್ಚಿಟ್ಟು ಹನ್ನೆರಡನೇ ತರಗತಿಯಲ್ಲಿ ಹುಡುಕಿದರೆ ಅದು ಸಿಗುವುದು ಕಷ್ಟ.

ಓಪನ್ ಹೌಸ್ ಸಂಜೆ ಅಜ್ಜಿ ತಾತ ಊರಿಂದ ಬಂದಿದ್ದರೆ ಅವರನ್ನೂ ಕರೆದೊಯ್ಯಿರಿ. ತರಗತಿ ತೋರಿಸುವ ಕೆಲಸ ಮಗುವಿಗೇ ಬಿಡಿ. "ಅಜ್ಜಿ, ಇದು ನನ್ನ ಡೆಸ್ಕು, ಇದು ನಾನ್ ಮಾಡಿದ್ ಜ್ವಾಲಾಮುಖಿ" ಎನ್ನುವಷ್ಟು ಬಂದರೂ ಸಾಕು. ಪದ ಸಿಗದಿದ್ದರೆ ಅಜ್ಜಿ ಕೊಡುತ್ತಾರೆ. ನೀವು ನಡುವೆ ಬಾಯಿ ಹಾಕಬೇಡಿ.

ಜೂನ್ ಮೊದಲಾರ್ಧದಲ್ಲಿ ಶಾಲೆ ಮುಗಿಯುತ್ತದೆ. ಐದನೆಯವರಿಗೆ ಬೀಳ್ಕೊಡುಗೆ, ಅಂಗಳದಲ್ಲಿ ನೀರಾಟ, ಪೆಟ್ಟಿಗೆಯಲ್ಲಿ ಯಾರೂ ಕೇಳದ ಜಾಕೆಟ್‌ಗಳ ರಾಶಿ. ನಮ್ಮಲ್ಲಿ ಹಲವರು ಆ ವಾರವೇ ಬೆಂಗಳೂರಿನ ವಿಮಾನ ಹತ್ತುತ್ತೇವೆ. ಅಷ್ಟರಲ್ಲಿ ಕರ್ನಾಟಕದಲ್ಲಿ ಬೇಸಿಗೆ ರಜೆ ಮುಗಿದು, ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಹೊಸ ತರಗತಿಗೆ ಹೋಗಿರುತ್ತಾರೆ. ನಮ್ಮ ಮಕ್ಕಳು ಮನೆಯಲ್ಲಿ ಸುಮ್ಮನೆ ಕೂರಬೇಕಾಗಿಲ್ಲ. ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಕೇಳಿ ನೋಡಿ. ಒಂದು ದಿನ ಅಲ್ಲಿ ಕೂರಲು ಬಿಟ್ಟರೆ, ನಿಮ್ಮ ಮಗುವಿನ ಚೀಲದಲ್ಲಿ ಚಿಟ್ಟೆಯ ಚಿತ್ರವಿರುವ ಆ ಪುಸ್ತಕವನ್ನು ಇಟ್ಟು ಕಳಿಸಿ. ಅಲ್ಲಿನ ಮಕ್ಕಳು ಇದೇನು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕನ್ನಡದಲ್ಲೇ ಹೇಳಬೇಕಾಗುತ್ತದೆ.