ಛಾಯಾವಸ್ತುಗಳು

ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳುಂಟೆಂಬುದು ಈಗ ಮನೆಮನೆಗೂ ತಿಳಿದ ಸಂಗತಿ. ಒಂದು ಬಹು ಚುರುಕಾದುದು, ಆದರೆ ವಿದ್ಯುತ್ತು ನಿಂತೊಡನೆ ಬರಿದಾಗತಕ್ಕದ್ದು. ಇನ್ನೊಂದು ನಿಧಾನವಾದುದು, ಆದರೆ ಕೊಟ್ಟುದನ್ನು ಕಾಪಾಡಿಕೊಂಡು ಬರತಕ್ಕದ್ದು. ಕೆಲಸವೆಲ್ಲ ನಡೆಯುವುದು ಮೊದಲನೆಯದರಲ್ಲಿ, ಉಳಿಯುವುದು ಎರಡನೆಯದರಲ್ಲಿ. ಇವೆರಡರ ನಡುವೆ ಸರಕನ್ನು ಹೊತ್ತು ತರುವ, ಮರಳಿ ಹೊತ್ತೊಯ್ಯುವ ಕೂಲಿಯ ಕೆಲಸವು ಪ್ರೋಗ್ರಾಮು ಬರೆಯುವವನ ತಲೆಗೆ ಬಹುಕಾಲದಿಂದ ಕಟ್ಟಿಕೊಂಡಿದೆ. 1983ರಲ್ಲಿ ಸ್ಕಾಟ್ಲೆಂಡಿನ ಮಾಲ್ಕಮ್ ಅಟ್ಕಿನ್‌ಸನ್, ರಾನ್ ಮಾರಿಸನ್ ಮೊದಲಾದ ಐವರು ವಿದ್ವಾಂಸರು ಪ್ರಕಟಿಸಿದ ಲೇಖನವೊಂದರಲ್ಲಿ, ಸಾಮಾನ್ಯವಾದ ಒಂದು ಪ್ರೋಗ್ರಾಮಿನ ನೂರರಲ್ಲಿ ಸುಮಾರು 30 ಪಾಲು ಈ ಹೊರೆ ಹೊರುವುದಕ್ಕೇ ವ್ಯಯವಾಗುತ್ತದೆಂದು ಲೆಕ್ಕ ಹೇಳಿದರು. ಮೂರರಲ್ಲಿ ಒಂದು ಪಾಲಿನಷ್ಟು ಶ್ರಮವು ವಿಚಾರಕ್ಕೆ ಸಲ್ಲದೆ ಸಾಗಾಣಿಕೆಗೆ ಸಲ್ಲುವುದೆಂದರೆ ಯಾರಿಗಾದರೂ ಬೇಸರ ಬರತಕ್ಕದ್ದೇ.

ಆ ವಿದ್ವಾಂಸರು ಸೂಚಿಸಿದ ಪರಿಹಾರವು ಸರಳವಾದುದು, ಆದರೆ ಅಷ್ಟೇ ದಿಟ್ಟವಾದುದು. ಒಂದು ವಸ್ತುವು ಕ್ಷಣಕಾಲ ಬಾಳುವುದೋ, ವರ್ಷಗಟ್ಟಲೆ ಬಾಳುವುದೋ ಎಂಬುದು ಅದನ್ನು ಬಳಸುವ ರೀತಿಯನ್ನು ಬದಲಿಸಕೂಡದು. ಬರೆಯುವವನು ವಸ್ತುಗಳನ್ನು ಕಟ್ಟುತ್ತ, ಒಂದಕ್ಕೊಂದನ್ನು ಜೋಡಿಸುತ್ತ ಹೋಗಲಿ. ಮೂಲವೆಂದು ಕರೆದ ಒಂದು ವಸ್ತುವಿನಿಂದ ಕೈಹಿಡಿದು ನಡೆದರೆ ಯಾವುದು ಸಿಕ್ಕುವುದೋ ಅದು ತಾನಾಗಿಯೇ ಉಳಿಯಲಿ, ಸಿಕ್ಕದಿದ್ದುದು ಅಳಿಯಲಿ ಎಂಬುದು ಅವರ ಮತ. ಇದನ್ನು ಅವರು ಪಿಎಸ್-ಆಲ್ಗಾಲ್ ಎಂಬ ಭಾಷೆಯಲ್ಲಿ ನಡೆಸಿಯೂ ತೋರಿಸಿದರು. ಮರುವರ್ಷವೇ, ಎಂದರೆ 1984ರಲ್ಲಿ, ಅಮೆರಿಕದಲ್ಲಿ ಕೋಪ್‌ಲೆಂಡ್ ಮತ್ತು ಮೇಯರ್ ಎಂಬಿಬ್ಬರು ಸ್ಮಾಲ್‌ಟಾಕ್ ಭಾಷೆಯನ್ನೇ ಡೇಟಾಬೇಸ್ ಆಗಿ ಮಾರ್ಪಡಿಸುವ ಬಗೆಯನ್ನು ಬರೆದರು. ಆಬ್ಜೆಕ್ಟ್ ಡೇಟಾಬೇಸ್ ಎಂಬ ಭಂಡಾರಗಳ ವಂಶವು ಇಂಥ ಪ್ರಯತ್ನಗಳಿಂದ ಬೆಳೆದು ಬಂದಿತು.

ಆದರೆ ಕೈಹಿಡಿದು ನಡೆಯುವುದರಲ್ಲಿಯೇ ಒಂದು ತೊಡಕುಂಟು. ಮದುವೆಗೆ ಒಬ್ಬ ನೆಂಟನನ್ನು ಕರೆದರೆ ಅವನ ಹೆಂಡತಿ ಮಕ್ಕಳನ್ನು ಬಿಡಲಾಗುವುದಿಲ್ಲ. ಹೆಂಡತಿ ಬಂದರೆ ಆಕೆಯ ತೌರಿನವರು. ತೌರಿನವರು ಬಂದರೆ ಅವರ ಬೀಗರು. ಕೊನೆಗೆ ಚಪ್ಪರವು ಊರನ್ನೇ ಹಿಡಿಸಬೇಕಾಗುತ್ತದೆ. ವಸ್ತುಗಳ ಸಂಸಾರವೂ ಹೀಗೆಯೇ. ಒಬ್ಬ ಸದಸ್ಯನ ವಿಳಾಸವನ್ನು ತಿಳಿಯಬೇಕೆಂದು ಆ ವಸ್ತುವನ್ನು ಡಿಸ್ಕಿನಿಂದ ಎತ್ತಿದರೆ, ಅದು ತನ್ನ ಸಂಘವನ್ನು ತೋರಿಸುತ್ತದೆ, ಸಂಘವು ಉಳಿದ ಸದಸ್ಯರೆಲ್ಲರನ್ನೂ ತೋರಿಸುತ್ತದೆ, ಅವರಲ್ಲಿ ಪ್ರತಿಯೊಬ್ಬನೂ ತಾನು ಓದಿದ ಪುಸ್ತಕಗಳನ್ನು ತೋರಿಸುತ್ತಾನೆ. ಒಂದು ಸಾಲಿನ ವಿಳಾಸಕ್ಕಾಗಿ ಭಂಡಾರದ ಸಮಸ್ತವೂ ಮೇಲೆದ್ದು ಬಂದರೆ ಚುರುಕಾದ ನೆನಪಿನಲ್ಲಿ ಅದಕ್ಕೆ ಎಡೆಯೆಲ್ಲಿ?

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದವರು ಈ ಇಕ್ಕಟ್ಟನ್ನು ಮೊದಲೇ ಕಂಡಿದ್ದರು. ಅಲ್ಲಿಯ ಟೆಡ್ ಕೇಲರ್ ಮತ್ತು ಗ್ಲೆನ್ ಕ್ರಾಸ್ನರ್ ರಚಿಸಿ 1983ರಲ್ಲಿ ವರ್ಣಿಸಿದ ‘ಲೂಮ್’ ಎಂಬ ಏರ್ಪಾಡಿನಲ್ಲಿ ವಸ್ತುವಿಗೆ ಎರಡು ಹೆಸರುಗಳು: ನೆನಪಿನಲ್ಲಿರುವಾಗ 16 ಬಿಟ್ಟುಗಳ ಚಿಕ್ಕ ಹೆಸರು, ಡಿಸ್ಕಿನಲ್ಲಿರುವಾಗ 32 ಬಿಟ್ಟುಗಳ ದೊಡ್ಡ ಹೆಸರು. ಇನ್ನೂ ಬಾರದ ವಸ್ತುವಿನ ಜಾಗದಲ್ಲಿ ‘ಎಲೆ’ ಎಂಬ ಚಿಕ್ಕದೊಂದು ಗುರುತು ಕುಳಿತಿರುವುದು. ಅದನ್ನು ಯಾರಾದರೂ ಮುಟ್ಟಿದಾಗ ಮಾತ್ರ ನಿಜವಾದ ಸರಕು ಡಿಸ್ಕಿನಿಂದ ಹೊರಡುವುದು. ಊಟಕ್ಕೆ ಬರುವವರಿಗೆಲ್ಲ ಮೊದಲು ಎಲೆ ಹಾಕಿ, ಕುಳಿತವರಿಗೆ ಮಾತ್ರ ಬಡಿಸುವ ನಮ್ಮ ಪಂಕ್ತಿಯ ಪದ್ಧತಿಗೆ ಇದು ಹೊಂದುವುದಾದರೂ, ಆ ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಬಾಳೆಯೆಲೆಯಾಗಿರಲಾರದು.

ಈ ಯುಕ್ತಿಯು ಅತ್ಯಂತ ಅಚ್ಚುಕಟ್ಟಾಗಿ ಕಾಣಬರುವುದು ಜಿಮ್ ಫುಲ್ಟನ್ ಎಂಬವರು ಪೈಥಾನ್ ಭಾಷೆಗೆಂದು ನಿರ್ಮಿಸಿದ ಜೋಡಿಬಿ ಎಂಬ ಭಂಡಾರದಲ್ಲಿ. ವರ್ಜೀನಿಯಾ ಸಂಸ್ಥಾನದ ಫ್ರೆಡರಿಕ್ಸ್‌ಬರ್ಗಿನ ಡಿಜಿಟಲ್ ಕ್ರಿಯೇಷನ್ಸ್ ಎಂಬ ಕಂಪೆನಿಯು 1998ರಲ್ಲಿ ತನ್ನ ಜೋಪ್ ಎಂಬ ಸಾಧನವನ್ನು ಎಲ್ಲರ ಬಳಕೆಗೂ ತೆರೆದಿಟ್ಟಾಗ, ಅದರ ಒಳಗಿನ ಉಗ್ರಾಣವು ಇದೇ ಆಗಿದ್ದಿತು. ಇಲ್ಲಿ ಉಳಿಯತಕ್ಕ ಪ್ರತಿಯೊಂದು ವಸ್ತುವಿಗೂ 8 ಬೈಟುಗಳ ಒಂದು ಸಂಖ್ಯೆಯುಂಟು. ಮೂಲವಸ್ತುವಿನ ಸಂಖ್ಯೆ ಸೊನ್ನೆ. ವಸ್ತುವನ್ನು ಬರೆದಿಡುವಾಗ ಅದು ತೋರಿಸುವ ಬೇರೆ ವಸ್ತುಗಳನ್ನು ಬರೆಯದೆ, ಅವುಗಳ ಸಂಖ್ಯೆ ಮತ್ತು ಜಾತಿಗಳನ್ನು ಮಾತ್ರ ಬರೆಯುತ್ತಾರೆ. ಮರಳಿ ತರುವಾಗ ಆ ಸಂಖ್ಯೆಗಳ ಸ್ಥಳದಲ್ಲಿ ಒಡಲುಂಟಾದರೂ ಒಳಗೇನೂ ಇಲ್ಲದ ವಸ್ತುಗಳು ಹುಟ್ಟುತ್ತವೆ. ಜಾತಿ ಗೊತ್ತು, ಸಂಖ್ಯೆ ಗೊತ್ತು, ಯಾವ ಭಂಡಾರವನ್ನು ಕೇಳಬೇಕೆಂಬುದೂ ಗೊತ್ತು, ಗುಣಗಳೊಂದೂ ಇಲ್ಲ. ಯಾರಾದರೂ ಅದರ ಒಂದು ಗುಣವನ್ನು ಕೇಳಿದೊಡನೆ ವಸ್ತುವು ತಾನೇ ಭಂಡಾರಕ್ಕೆ ಹೇಳಿ ಕಳುಹಿಸಿ, ತನ್ನ ಸ್ಥಿತಿಯನ್ನು ತರಿಸಿಕೊಂಡು, ಏನೂ ಆಗದವರಂತೆ ಉತ್ತರ ಕೊಡುತ್ತದೆ. ಕೇಳಿದವನಿಗೆ ಅದು ಈಗತಾನೆ ಎದ್ದು ಬಂದಿತೆಂಬ ಸುಳಿವೇ ಇರುವುದಿಲ್ಲ.

ಇಂಗ್ಲಿಷಿನವರು ಇದನ್ನು ‘ಘೋಸ್ಟ್’ ಎನ್ನುತ್ತಾರೆ. ಭೂತವೆಂದು ಕನ್ನಡಿಸಿದರೆ ಅರ್ಥವು ಕೆಡುತ್ತದೆ. ಭೂತವೆಂದರೆ ಆಗಿಹೋದದ್ದು, ಈ ವಸ್ತುವಾದರೋ ಇನ್ನೂ ಆಗಬೇಕಾದದ್ದು. ಛಾಯೆಯೆಂದರೆ ವಾಸಿ. ಸೂರ್ಯನ ತಾಪವನ್ನು ತಾಳಲಾರದೆ ಸಂಜ್ಞಾದೇವಿಯು ತನ್ನ ರೂಪದ ಛಾಯೆಯನ್ನು ಮನೆಯಲ್ಲಿ ನಿಲ್ಲಿಸಿ ಹೊರಟುಹೋದ ಕಥೆಯನ್ನು ವಾಚಕರು ಬಲ್ಲರು. ಆದರೆ ಆ ಕಥೆಯಲ್ಲಿ ಛಾಯೆ ಬೇರೆ, ಸಂಜ್ಞೆ ಬೇರೆ. ಮುಂದಿನ ಮನೆಜಗಳವೆಲ್ಲ ಹುಟ್ಟಿದುದು ಅದರಿಂದಲೇ. ಜಾವಾ ಭಾಷೆಯಲ್ಲಿ ಬಳಕೆಯಲ್ಲಿರುವ ಹೈಬರ್ನೇಟ್ ಎಂಬ ಸಾಧನವು ಪುರಾಣದ ದಾರಿಯನ್ನೇ ಹಿಡಿದಿದೆ: ಬಾರದ ವಸ್ತುವಿನ ಪರವಾಗಿ ಪ್ರತಿನಿಧಿಯೊಂದನ್ನು ನಿಲ್ಲಿಸಿ, ನಿಜವಾದುದು ಬಂದ ಮೇಲೆಯೂ ಪ್ರತಿನಿಧಿಯ ಮೂಲಕವೇ ಮಾತನಾಡಿಸುತ್ತದೆ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಹೋಲಿಸುವವನು ಕೆಲವೊಮ್ಮೆ ಮೋಸ ಹೋಗುತ್ತಾನೆ. ಜೋಡಿಬಿಯಲ್ಲಿ ಛಾಯೆಯೇ ತುಂಬಿಕೊಂಡು ವಸ್ತುವಾಗುತ್ತದೆ, ವಸ್ತುವೇ ಬರಿದಾಗಿ ಮರಳಿ ಛಾಯೆಯಾಗುತ್ತದೆ. ಒಂದು ಸಂಪರ್ಕದೊಳಗೆ ಒಂದು ಸಂಖ್ಯೆಗೆ ಒಂದೇ ಒಡಲು. ಈ ನಿಯಮವನ್ನು ಬಿಟ್ಟರೆ ಒಬ್ಬನೇ ಸದಸ್ಯನು ಎರಡು ಮೈಗಳಿಂದ ತಿರುಗಾಡಿ, ಒಂದರ ತಿದ್ದುಪಡಿಯನ್ನು ಇನ್ನೊಂದು ಅಳಿಸಿಬಿಡಬಹುದು.

ಈ ಪದ್ಧತಿಗೆ ‘ಲೇಜಿ ಲೋಡಿಂಗ್’ ಎಂಬ ಹೆಸರು ರೂಢಿಯಲ್ಲಿದೆ. ಸೋಮಾರಿತನವೆಂದು ಹಳಿಯುವುದು ಅನ್ಯಾಯ, ಮಿತವ್ಯಯವೆನ್ನುವುದು ಹೆಚ್ಚು ಉಚಿತ. ಆದರೂ ಸೋಮಾರಿಗೆ ಬರುವ ಕಷ್ಟವೊಂದು ಇದಕ್ಕೂ ಬರುತ್ತದೆ. ಸಂತೆಗೆ ಒಮ್ಮೆ ಹೋಗಿ ಎಲ್ಲವನ್ನೂ ತರದವನು ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ ನಡೆಯಬೇಕು. ಸಾವಿರ ಸದಸ್ಯರ ಹೆಸರುಗಳನ್ನು ಸಾಲಾಗಿ ಅಚ್ಚುಮಾಡಬೇಕಾದರೆ ಸಾವಿರ ಛಾಯೆಗಳು ಒಂದೊಂದಾಗಿ ಭಂಡಾರಕ್ಕೆ ಓಡುತ್ತವೆ. ಭಂಡಾರವು ಬೇರೆ ಯಂತ್ರದಲ್ಲಿದ್ದರೆ ಆ ಓಟವೇ ಹೊತ್ತನ್ನು ತಿನ್ನುತ್ತದೆ. ಇದಕ್ಕಾಗಿ ದೊಡ್ಡ ಪಟ್ಟಿಗಳನ್ನು ಬಿ-ಟ್ರೀ ಎಂಬ ಮರದ ಆಕಾರದಲ್ಲಿ ಒಡೆದು ಇಡುತ್ತಾರೆ. ಸಾಮಾನ್ಯವಾದ ಬಗೆಯಲ್ಲಿ ತುದಿಯ ಬುಟ್ಟಿಯೊಂದಕ್ಕೆ 30ಕ್ಕೆ ಮೀರದಷ್ಟು ನಮೂದುಗಳು; ಬುಟ್ಟಿಯೊಂದೊಂದೂ ಸ್ವತಂತ್ರವಾದ ವಸ್ತು. ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕುವವನು ಬೇರಿನಿಂದ ತುದಿಯವರೆಗಿನ ಒಂದು ಹಾದಿಯನ್ನು ಮಾತ್ರ ಎಬ್ಬಿಸುತ್ತಾನೆ. ಉಳಿದ ಮರವೆಲ್ಲ ನಿದ್ರಿಸುತ್ತಿರುತ್ತದೆ. ಎದ್ದವರನ್ನು ಮತ್ತೆ ಮಲಗಿಸುವ ಕೆಲಸವೂ ಉಂಟು. ಬೇರೆ ಏನನ್ನೂ ಹೇಳದಿದ್ದರೆ ಒಂದು ಸಂಪರ್ಕದ ಕ್ಯಾಶಿನಲ್ಲಿ ಎಚ್ಚರವಾಗಿರಬಹುದಾದ ವಸ್ತುಗಳು 400ರ ಸುಮಾರು. ವ್ಯವಹಾರವೊಂದು ಮುಗಿದಾಗ, ಬಹಳ ಹೊತ್ತಿನಿಂದ ಯಾರೂ ಮಾತನಾಡಿಸದವುಗಳನ್ನು ಬರಿದು ಮಾಡಿ ಛಾಯೆಗಳಾಗಿಸುತ್ತಾರೆ. ತಿದ್ದಲ್ಪಟ್ಟು ಇನ್ನೂ ಬರೆಯಲ್ಪಡದ ವಸ್ತುವನ್ನು ಮಾತ್ರ ಮಲಗಿಸುವಂತಿಲ್ಲ.

ಇಲ್ಲಿಯೇ ಪ್ರಶ್ನೆಯೊಂದು ಏಳುತ್ತದೆ: ವಸ್ತುವು ತಿದ್ದಲ್ಪಟ್ಟಿತೆಂದು ತಿಳಿಯುವುದು ಹೇಗೆ? ಗುಣವೊಂದಕ್ಕೆ ಹೊಸ ಬೆಲೆಯನ್ನು ಕೊಟ್ಟಾಗ ವಸ್ತುವು ಅದನ್ನು ಗಮನಿಸಿ, ‘ನನ್ನನ್ನು ಬರೆಯತಕ್ಕದ್ದು’ ಎಂದು ವ್ಯವಹಾರದ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುತ್ತದೆ. ಎಂದರೆ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ; ಒಳಕ್ಕೆ ಹೋದ, ಹೊರಕ್ಕೆ ಬಂದ ಪೆಟ್ಟಿಗೆಗಳೆಲ್ಲ ಅವನ ಕಣ್ಣಿಗೆ ಬೀಳುತ್ತವೆ. ಆದರೆ ಒಳಗೆ ಮೊದಲೇ ಇದ್ದ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಯಾರಾದರೂ ಏನನ್ನಾದರೂ ಹಾಕಿದರೆ ಅವನಿಗೆ ಕಾಣದು. ಪೈಥಾನಿನ ಸಾಮಾನ್ಯವಾದ ಪಟ್ಟಿಯು ಅಂಥದೊಂದು ಪೆಟ್ಟಿಗೆ.

ಊರೊಂದರ ವಾಚನಾಲಯದ ಲೆಕ್ಕವು ಈ ಭಂಡಾರದಲ್ಲಿದೆಯೆಂದು ಇಟ್ಟುಕೊಳ್ಳಬಹುದು. ಪ್ರತಿಯೊಬ್ಬ ಸದಸ್ಯನೂ ಒಂದು ವಸ್ತು. ಒಯ್ದ ಪುಸ್ತಕಗಳು ಅದರೊಳಗಿನ ಸಾಮಾನ್ಯವಾದ ಪಟ್ಟಿ. ವೃದ್ಧರಾದ ಉಪಾಧ್ಯಾಯರೊಬ್ಬರು ಬೆಳಿಗ್ಗೆ ಬಂದು, ಬೆಲೆಬಾಳುವ ನಿಘಂಟೊಂದನ್ನು ಠೇವಣಿ ಕಟ್ಟಿ ಒಯ್ಯುತ್ತಾರೆ. ಗುಮಾಸ್ತನು ಪಟ್ಟಿಯ ಕೊನೆಗೆ ಪುಸ್ತಕವನ್ನೂ ಠೇವಣಿಯನ್ನೂ ಸೇರಿಸಿ, ವ್ಯವಹಾರವನ್ನು ಮುಗಿಸಿ, ತೆರೆಯನ್ನು ನೋಡುತ್ತಾನೆ, ಎಲ್ಲವೂ ಅಲ್ಲಿದೆ. ಮತ್ತೆ ನೋಡಿದರೂ ಇದೆ, ಏಕೆಂದರೆ ಸದಸ್ಯವಸ್ತುವು ಇನ್ನೂ ಎಚ್ಚರವಾಗಿದೆ. ಮಧ್ಯಾಹ್ನದ ಜನಸಂದಣಿಯಲ್ಲಿ ಬೇರೆ ಬೇರೆ ಸದಸ್ಯರು ಬಂದಂತೆ ಉಪಾಧ್ಯಾಯರ ವಸ್ತುವು ಸದ್ದಿಲ್ಲದೆ ಛಾಯೆಯಾಗುತ್ತದೆ. ತಿದ್ದಲ್ಪಟ್ಟಿತೆಂದು ಅದು ಯಾರಿಗೂ ಹೇಳಿರಲಿಲ್ಲವಾದುದರಿಂದ ಅದನ್ನು ತಡೆಯುವವರಿಲ್ಲ. ಹದಿನೈದು ದಿನಗಳ ಮೇಲೆ ಉಪಾಧ್ಯಾಯರು ನಿಘಂಟಿನೊಡನೆ ಬಂದು ನಿಂತರೆ, ‘ಮೇಷ್ಟ್ರೇ, ತಮ್ಮ ಹೆಸರಿನಲ್ಲಿ ಈ ಪುಸ್ತಕವೂ ಇಲ್ಲ, ಠೇವಣಿಯೂ ಇಲ್ಲವಲ್ಲ’ ಎನ್ನಬೇಕಾಗುತ್ತದೆ. ಗುಮಾಸ್ತನು ಸುಳ್ಳನಲ್ಲ, ಉಪಾಧ್ಯಾಯರೂ ಸುಳ್ಳರಲ್ಲ. ಡಿಸ್ಕು ಕೆಟ್ಟಿಲ್ಲ, ದೋಷದ ಸೂಚನೆಯೊಂದೂ ಬಂದಿಲ್ಲ. ನಿಘಂಟನ್ನು ಮರಳಿಸದ ಲೋಭಿಯೊಬ್ಬನಿಗೆ ಇದು ಲಾಭವಾಗಿರಬಹುದು. ಪ್ರಾಮಾಣಿಕನ ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾತಿಗೆ ಕುಂದು ಬಂದಿತು.

ಇದನ್ನು ಪತ್ತೆಹಚ್ಚುವುದೂ ಸುಲಭವಲ್ಲ. ಅದೇ ದಿನ ಉಪಾಧ್ಯಾಯರ ವಿಳಾಸವನ್ನೂ ತಿದ್ದಿದ್ದರೆ, ಕಾವಲುಗಾರನು ಅದನ್ನು ಕಂಡು, ಇಡೀ ವಸ್ತುವನ್ನು ಬರೆಯಿಸುತ್ತಿದ್ದನು. ಜೊತೆಯಲ್ಲಿ ಪಟ್ಟಿಯೂ ಉಳಿಯುತ್ತಿದ್ದಿತು. ಆದುದರಿಂದ ತಪ್ಪು ಕೆಲವರ ಪಾಲಿಗೆ ಬರುತ್ತದೆ, ಕೆಲವರ ಪಾಲಿಗೆ ಬಾರದು. ಪರೀಕ್ಷಿಸಲು ಕುಳಿತವನೆದುರಿಗಂತೂ ವಸ್ತುವು ಎಚ್ಚರವಾಗಿಯೇ ಇರುವುದರಿಂದ ಎಂದೂ ಬಾರದು. ಮದ್ದು ಚಿಕ್ಕದು: ತನ್ನ ಮಾರ್ಪಾಟನ್ನು ತಾನೇ ಸಾರುವ ಬೇರೊಂದು ಬಗೆಯ ಪಟ್ಟಿಯನ್ನು ಬಳಸುವುದು, ಇಲ್ಲವೆ ವಸ್ತುವಿಗೆ ‘ನೀನು ಬದಲಾಗಿದ್ದೀಯೆ’ ಎಂದು ಒಂದು ಸಾಲಿನಲ್ಲಿ ಬಾಯಿಬಿಟ್ಟು ಹೇಳುವುದು. ಆದರೆ ಹೇಳಬೇಕೆಂಬುದನ್ನು ನೆನಪಿಡುವ ಭಾರವು ಬರೆಯುವವನ ಮೇಲೆ ಬಿದ್ದಿತಷ್ಟೆ. ಬರೆಯುವವನಿಗೆ ಏನೂ ತಿಳಿಯಬೇಕಾಗಿಲ್ಲವೆಂಬ 1983ರ ಆಶೆಯು ಇಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತೆನ್ನಬೇಕು. ನೂರರಲ್ಲಿ 30 ಪಾಲಿನ ಹೊರೆಯನ್ನು ಇಳಿಸಿ ಒಂದೆರಡು ಸಾಲುಗಳ ಹೊರೆಯನ್ನು ಉಳಿಸಿದುದು ದೊಡ್ಡ ಉಪಕಾರವೇ ಸರಿ. ಆದರೆ ದೊಡ್ಡ ಹೊರೆಯನ್ನು ಯಾರೂ ಮರೆಯುವುದಿಲ್ಲ, ಚಿಕ್ಕದನ್ನು ಮರೆಯುವುದು ಸಹಜ. ಇಂಥ ಭಂಡಾರಗಳು ಕೋಷ್ಟಕಗಳ ಡೇಟಾಬೇಸುಗಳಷ್ಟು ಹರಡದಿರುವುದಕ್ಕೆ ಬೇರೆ ಕಾರಣಗಳೂ ಉಂಟು. ಹಾಗಿದ್ದರೂ ಜೋಡಿಬಿಯು ಅಳಿದುಹೋಗಿಲ್ಲ. ಪ್ಲೋನ್ ಎಂಬ ಪ್ರಕಟನಸಾಧನವು ಇಂದಿಗೂ ಅದನ್ನೇ ನೆಚ್ಚಿಕೊಂಡಿದೆ.

ಕೊನೆಯದಾಗಿ, ಛಾಯೆಗೆ ಪ್ರತಿಯಾದ ಇನ್ನೊಂದು ಸ್ಥಿತಿಯ ಮಾತು ಉಳಿದಿದೆ. ಭಂಡಾರದಲ್ಲಿ ವಸ್ತುವಿನ ಗುಣಗಳೂ ಜಾತಿಯ ಹೆಸರೂ ಇರುತ್ತವೆಯೇ ಹೊರತು ಜಾತಿಯ ಲಕ್ಷಣವು ಇರುವುದಿಲ್ಲ. ಅದು ಪ್ರೋಗ್ರಾಮಿನ ಕಡತಗಳಲ್ಲಿದೆ. ವರ್ಷಗಳು ಕಳೆದು, ಹೊಸಬನೊಬ್ಬನು ಕಡತಗಳನ್ನು ಓರಣಗೊಳಿಸುವ ಉತ್ಸಾಹದಲ್ಲಿ ಆ ಜಾತಿಯ ಹೆಸರನ್ನು ಬದಲಿಸಿದರೆ, ಹಳೆಯ ವಸ್ತುವು ಕರೆದಾಗ ಎದ್ದು ಬಂದು ತಾನು ಯಾರೆಂದು ಹೇಳಲಾರದೆ ನಿಲ್ಲುತ್ತದೆ. ಛಾಯೆಗೆ ರೂಪವುಂಟು, ತಿರುಳಿಲ್ಲ. ಇದಕ್ಕೆ ತಿರುಳುಂಟು, ರೂಪವಿಲ್ಲ. ಇದನ್ನು ಮುರಿದ ವಸ್ತುವೆಂದು ಕರೆಯುತ್ತಾರೆ. ಜೋಡಿಬಿಯು ಅದನ್ನು ಎಸೆಯುವುದೂ ಇಲ್ಲ, ತಿದ್ದಲು ಬಿಡುವುದೂ ಇಲ್ಲ. ಗುಣಗಳನ್ನು ಇದ್ದಂತೆಯೇ ಕಟ್ಟಿಡುತ್ತದೆ. ಹಳೆಯ ಹೆಸರಿಗೆ ಹೊಸ ಜಾತಿಯನ್ನು ತೋರಿಸುವ ಒಂದು ಸಾಲನ್ನು ಯಾರಾದರೂ ಬರೆದು ಪ್ರೋಗ್ರಾಮನ್ನು ಮತ್ತೆ ನಡೆಸಿದ ದಿನ, ಅದು ಉಳಿದವರಂತೆಯೇ ಎದ್ದು ಬಂದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ.