ನೆತ್ತರಿನ ನೀರುಗಂಟಿ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಕಟ್ಟೆಯಿದೆ. ನಾಲೆಯ ತೂಬನ್ನು ತೆರೆಯುವುದು, ಮುಚ್ಚುವುದು ನೀರುಗಂಟಿಯ ಕೆಲಸ. ಮನುಷ್ಯನ ನೆತ್ತರಿಗೂ ಅಂತಹ ನೀರುಗಂಟಿಯುಂಟು. ವಿಜ್ಞಾನಿಗಳು ಅದಕ್ಕೆ ಬಿಸಿಎಲ್11ಎ ಎಂಬ ಒರಟು ಹೆಸರನ್ನಿಟ್ಟಿದ್ದಾರೆ. ಅದು ಎರಡನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ. ಅದರಿಂದ ಉಂಟಾಗುವ ಪ್ರೋಟೀನು ಬೇರೆ ಕೆಲವು ವಂಶವಾಹಿಗಳ ನಕಲಾಗದಂತೆ ತಡೆಹಿಡಿಯುತ್ತದೆ.

ಗರ್ಭಸ್ಥ ಶಿಶುವಿನ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ನೀರುಗಂಟಿ ಆ ತೂಬನ್ನು ಮುಚ್ಚಲಾಗಿ ದೊಡ್ಡವರ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಇದರಿಂದ ಬಹುಮಂದಿಗೆ ಬಾಧೆಯಿಲ್ಲ. ಸಿಕಲ್ ಸೆಲ್ ರೋಗವಿರುವ ಮಗುವಿಗೆ ಮಾತ್ರ ಅಂದಿನಿಂದಲೇ ಸಂಕಟ. ಅದರ ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದು ಅಕ್ಷರಕ್ಕೆ ಇನ್ನೊಂದು ಆದೇಶವಾಗಿ ಬಂದಿರುತ್ತದೆ (ಮಠದಲ್ಲಿ ಕಲಿತ ವ್ಯಾಕರಣ ನಮ್ಮನ್ನು ಬಿಡದು). ಅಷ್ಟಕ್ಕೇ ರಕ್ತಕಣಗಳು ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನಮ್ಮ ಹುಣಸೂರು, ಹೆಗ್ಗಡದೇವನಕೋಟೆಗಳ ಜೇನುಕುರುಬರಲ್ಲಿಯೂ ಇದೆ.

ಕೆಲವು ವರ್ಷಗಳ ಹಿಂದೆ ಕಟ್ಟೆಮಳಲವಾಡಿಯ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ಅವರ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಬಂದಿದ್ದ ಹಾಡಿಯ ತಾಯಿ ಮಗುವಿನ ಊದಿದ ಬೆರಳುಗಳನ್ನು ತೋರಿಸಿ, "ಯಾರ ಕಣ್ಣು ಬಿತ್ತೋ ಬುದ್ಧೀ" ಎಂದಳು. ರಕ್ತಪರೀಕ್ಷೆಯಲ್ಲಿ ಸಿಕಲ್ ಸೆಲ್ ಎಂದಾಯಿತು. ಅಂಟುರೋಗವೆಂದು ಹೆದರಿದ ಮನೆಯವರು ಆಕೆಯ ಲೋಟವನ್ನು ಬೇರೆ ಇಟ್ಟರು. ಅದು ಅಂಟುವುದಿಲ್ಲ. ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಪ್ರತಿ ಬಂದರಷ್ಟೇ ರೋಗ. ಒಂದೇ ಪ್ರತಿಯಿದ್ದವರಿಗೆ ಅದು ಮಲೇರಿಯಾದಿಂದ ರಕ್ಷಣೆ. ಮಲೇರಿಯಾ ತುಂಬಿದ್ದ ಕಾಡುಸೀಮೆಯಲ್ಲಿ ಪ್ರಾಣ ಉಳಿಸಿದ ಗುಣವದು. ಕಾಯಕಕ್ಕೆ ಬಂದವಳಿಗೆ ಬೇರೆ ಲೋಟವಿಡುವುದು ಶರಣರ ಮನೆಗೆ ಒಪ್ಪುವುದೆಂತು ಎಂದು ಅಲ್ಲಿಯೇ ಹೇಳಿದೆವು.

ನೀರುಗಂಟಿಯ ಗುಟ್ಟು ರಟ್ಟಾದದ್ದು 2008ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮೊದಲಾದವರು, ಬಿಸಿಎಲ್11ಎ ತಗ್ಗಿದರೆ ಶಿಶುವಿನ ಹಿಮೋಗ್ಲೋಬಿನ್ ಮರಳುವುದೆಂದು ತೋರಿಸಿದರು. ಮದ್ದು ರೋಗಿಯ ಒಡಲಲ್ಲಿಯೇ ಇತ್ತು, ತೂಬು ಮುಚ್ಚಿತ್ತು! ರಕ್ತದ ಮೂಲಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಆ ನೀರುಗಂಟಿಯನ್ನು ಅಡಗಿಸಿ, ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆಯಿತ್ತವು. ಅಮೆರಿಕದಲ್ಲಿ ಆಗ ಅದರ ಬೆಲೆ 22 ಲಕ್ಷ ಡಾಲರಿತ್ತು. ಹಾಡಿಯ ತಾಯಿಗೆ ಆ ಲೆಕ್ಕವನ್ನು ನಾವು ಹೇಳಲಿಲ್ಲ.

ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಮಾತ್ರೆಯೂ ಶಿಶುವಿನ ಹಿಮೋಗ್ಲೋಬಿನ್ನನ್ನು ತಕ್ಕಮಟ್ಟಿಗೆ ಹೆಚ್ಚಿಸುತ್ತದೆ. ವೈದ್ಯರ ಕಣ್ಗಾವಲಿನಲ್ಲಿ ನಿತ್ಯ ಸೇವಿಸಬೇಕು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆಯ ಗುರಿಯನ್ನಿಡಲಾಯಿತು. ನಿಮ್ಮ ಹೊಲಕ್ಕೆ ಹಾಡಿಯಿಂದ ಬರುವವರಿಗೆ ಪರೀಕ್ಷೆಯ ದಿನ ಕೂಲಿ ಹಿಡಿಯದೆ ಬಿಡುವು ಕೊಡಿ.