ಕಲಾದಗಿಯ ಬಿಸಿಲಿಗೆ ಬಂದ ಬುಲ್‌ಡಾಗ್

ಮೇ ತಿಂಗಳು, ಬೆಳಗಿನ ಐದೂವರೆ. ಕಲಾದಗಿಯ ಚಿಕ್ಕು ತೋಟದ ಬದುವಿನ ಮೇಲೆ ನೀವು, ನಿಮ್ಮ ಮುಂದೆ ಗೊರಗೊರ ಎನ್ನುತ್ತ ನಿಮ್ಮ ಬುಲ್‌ಡಾಗ್ ಮೋಟು. ಬೆಂಗಳೂರಿನ ಎಂಟು ಗಂಟೆಯ ವಾಕಿಂಗ್ ಇಲ್ಲಿ ನಡೆಯುವುದಿಲ್ಲ. ಸೂರ್ಯ ದಾಳಿಂಬೆ ಗಿಡಗಳ ಮೇಲೆ ಬಂದನೆಂದರೆ ಸಂಜೆಯವರೆಗೂ ಬುಲ್‌ಡಾಗ್ ನೆರಳು ಬಿಟ್ಟು ಕದಲುವಂತಿಲ್ಲ. ಅದರ ಕೊರಳಿಗೆ ಪಟ್ಟಿಯಿಲ್ಲ, ಎದೆಗೆ ಹಾರ್ನೆಸ್ ಹಾಕಿದ್ದೀರಿ. ಮೊದಲೇ ಇಕ್ಕಟ್ಟಾದ ಗಂಟಲು, ಅದನ್ನು ಮತ್ತೆ ಎಳೆಯುವುದೇಕೆ?

ಅಜ್ಜನ ಮುಧೋಳ ನಾಯಿ ಆಗಲೇ ತೋಟದ ಆ ತುದಿ ಮುಟ್ಟಿ ತಿರುಗಿ ಬರುತ್ತಿದೆ. ತೂಕಕ್ಕಿಟ್ಟರೆ ಎರಡೂ 25 ಕೆ.ಜಿ. ಆಸುಪಾಸು. ಒಂದು ಆ ತೂಕವನ್ನು ಉದ್ದ ಕಾಲು, ಆಳವಾದ ಎದೆಯಲ್ಲಿ ಹೊತ್ತಿದೆ. ಇನ್ನೊಂದು ತಲೆ, ಭುಜದಲ್ಲಿ.

‘ಇದಕ್ಕ ಮೂಗs ಇಲ್ಲಲ್ಲೋ ತಮ್ಮಾ. ಉಸರು ಎಲ್ಲಿಂದ ತಗೋತೈತಿ?’

ಅಜ್ಜ ನಕ್ಕರೂ ಮಾತು ನಿಜ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತ, ನಾಲಿಗೆ–ಮೂಗಿನ ತೇವದಿಂದ ಕಾವು ಕಳೆಯುತ್ತದೆ. ಬುಲ್‌ಡಾಗಿಗೆ ಆ ದಾರಿಯೇ ಕಿರಿದು. 1835ರಲ್ಲಿ ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟಕ್ಕೆ ನಿಷೇಧ ಬಿತ್ತು. ಕೆಲಸ ತಪ್ಪಿದ ನಾಯಿಯ ಮುಖವನ್ನು ಚಂದಕ್ಕೆಂದು ಇನ್ನಷ್ಟು ಒಳಕ್ಕೆ ತಳ್ಳುತ್ತ ಹೋದರು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ತಮ್ಮ ನಾಡಿನ ಬೇಟೆನಾಯಿಯ ಮರಿ ಕೊಟ್ಟದ್ದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಪ್ರತಿಯಾಗಿ ಬಂದದ್ದು ಈ ಬುಲ್‌ಡಾಗೇ ಇರಬೇಕು ಎಂದು ಅಜ್ಜನ ಗುಮಾನಿ.

ಏಳು ಗಂಟೆ. ಪಡಸಾಲೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಕೂತು ಮೋಟುವಿನ ಮುಖದ ಮಡಿಕೆ ಬಿಡಿಸುತ್ತೀರಿ. ಮೂಗಿನ ಮೇಲಿನ ಮಡಿಕೆಯಲ್ಲಿ ಕಂದು ಬಣ್ಣದ ಜಿಗುಟು, ಹುಳಿ ವಾಸನೆ. ಒದ್ದೆ ಹತ್ತಿಯಿಂದ ಒರೆಸಿ, ಆಮೇಲೆ ಒಣ ಅರಿವೆ. ಒರೆಸುವುದಕ್ಕಿಂತ ಒಣಗಿಸುವುದೇ ಮುಖ್ಯ. ತೇವ ಉಳಿದರೆ ಚರ್ಮ ಕೆಂಪಾಗಿ ಸೋರಲು ಶುರು. ಬಾಲದ ಬುಡಕ್ಕೂ ಇದೇ ಉಪಚಾರ. ಬೆರಳ ಸಂದಿಯಲ್ಲಿ, ಕಿವಿಯೊಳಗೆ ಉಣ್ಣಿ ಹುಡುಕುತ್ತೀರಿ. ತೋಟಕ್ಕೆ ಹೋಗಿ ಬಂದ ನಾಯಿಗೆ ಉಣ್ಣಿ ಹತ್ತದೆ ಇರದು, ಅದರ ಹಿಂದೆಯೇ ಜ್ವರ.

ಊಟದ ಹೊತ್ತಿಗೆ ಜಗಳ. ಅಜ್ಜನ ನಾಯಿಗೆ ಜೋಳದ ನುಚ್ಚು, ಹಾಲು, ಒಂದು ತತ್ತಿ. ಅದರ ಪಕ್ಕೆಲುಬು ಕಾಣುವುದು ಸಹಜ, ಜಾತಿಯೇ ಹಾಗೆ. ಮೋಟುವಿನ ಪಕ್ಕೆಲುಬು ಕಾಣಬೇಕಿಲ್ಲ, ಕೈಗೆ ಸಿಕ್ಕರೆ ಸಾಕು. ಸಿಗದಿದ್ದರೆ ಬೊಜ್ಜು ಬಂದಿದೆ, ಬೊಜ್ಜು ಬಂದರೆ ಉಸಿರು ಇನ್ನೂ ಕಟ್ಟುತ್ತದೆ. ಅಗಲ ತಟ್ಟೆಯಲ್ಲಿ ಬೇಯಿಸಿದ ಕೋಳಿ, ಸ್ವಲ್ಪ ಅನ್ನ, ಅಳತೆ ಮಾಡಿದ ಡಾಗ್‌ಫುಡ್ ಹರಡುತ್ತೀರಿ. ಆಳದ ಬಟ್ಟಲಾದರೆ ಗಾಳಿಯನ್ನೂ ನುಂಗುತ್ತದೆ. ಅಷ್ಟರಲ್ಲಿ ಅವ್ವ ತುಪ್ಪ ಸವರಿದ ರೊಟ್ಟಿ, ಮೇಲೆ ಝುಣಕ ಹಿಡಿದು ಬರುತ್ತಾಳೆ.

‘ಝುಣಕದಾಗಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ಅದಕ್ಕ ವಿಷ ಬೇ.’

‘ಒಣದ್ರಾಕ್ಷಿ ಕೊಡ್ಲಿ ಹಂಗಾದ್ರ?’

ಅದು ಇನ್ನೂ ಕೆಟ್ಟದ್ದು, ಮೂತ್ರಪಿಂಡಕ್ಕೇ ಪೆಟ್ಟು.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತದೆ. ಫ್ಯಾನ್ ನಿಂತ ಮೇಲೆ ಕೇಳಿಸುವುದು ಮೋಟುವಿನ ಉಸಿರೊಂದೇ. ಗೊರಕೆಯಂತಿದ್ದದ್ದು ಗರಗಸದಂತೆ ಕರಕರ ಎನ್ನತೊಡಗುತ್ತದೆ. ನಾಲಿಗೆ ಕಡುಗೆಂಪು, ಜೊಲ್ಲು ನೂಲಿನಂತೆ ಮಂದ. ಥರ್ಮಾಮೀಟರ್ 40.4 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ; ಆರಾಮವಿದ್ದಾಗ ಇರಬೇಕಾದದ್ದು 39ರ ಸುಮಾರು. ಮೊದಲು ನೀರು, ಆಮೇಲೆ ಗಾಡಿ. ಹೊಟ್ಟೆ, ತೊಡೆಯ ಸಂದಿ, ಪಾದಗಳಿಗೆ ಕೊಡದಿಂದ ನೀರು ಸುರಿಯುತ್ತೀರಿ, ಅವ್ವ ಮೊರದಿಂದ ಗಾಳಿ ಹಾಕುತ್ತಾಳೆ. ಒದ್ದೆ ಚಾದರ ಹೊದಿಸಲು ಬಂದ ಅಜ್ಜನನ್ನು ತಡೆಯುತ್ತೀರಿ. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ.

‘ಹೊಳಿಗಿ ಒಯ್ದು ಮುಣುಗಿಸಿ ತರೂಣಲ್ಲ?’

ಘಟಪ್ರಭೆ ಹತ್ತಿರವೇ. ಆದರೆ ಈ ತಲೆಭಾರದ, ಗಿಡ್ಡ ಕಾಲಿನ ನಾಯಿ ಈಜುವುದಿಲ್ಲ, ಮುಳುಗುತ್ತದೆ.

39.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ಪಶುವೈದ್ಯರ ಬಳಿಗೆ ಕಾರು ಹೊರಡಿಸುತ್ತೀರಿ. ಅವರು ನೋಡಿ, ಸಲೈನ್ ಹಚ್ಚಿ, ರಾತ್ರಿಯೆಲ್ಲ ಕಣ್ಣಿಡಿ ಎನ್ನುತ್ತಾರೆ. ಕಾವು ಇಳಿದ ಮೇಲೂ ಒಳಗಿನ ಏಟು ತಡವಾಗಿ ಕಾಣಿಸಬಹುದು.

ವಾಪಸು ಬರುವಾಗ ಮುಂದಿನ ಸೀಟಿನಿಂದ ಅಜ್ಜ ತೀರ್ಪು ಕೊಡುತ್ತಾನೆ: ‘ನೀ ಯಾವಾಗ ಬೇಕಾದ್ರ ಬಾ. ಇದನ್ನ ಮಾತ್ರ ಸಂಕ್ರಮಣಕ್ಕ ಕರ್ಕೊಂಡ್ ಬಾ.’